ಚಲಿಸುವ ಚಿತ್ರಗಳ ರೂಪಾಂತರ: ಜಿಫ್‌ನಿಂದ ವೆಬ್‌ಪಿಗೆ

1. ಪ್ರಸ್ತಾವನೆ

ಬರಹವೊಂದು ಒಂದು ಮಾಧ್ಯಮದಿಂದ ಇನ್ನೊಂದು ಮಾಧ್ಯಮಕ್ಕೆ ಸಾಗುವಾಗ ಏನನ್ನು ಉಳಿಸಿಕೊಳ್ಳುತ್ತದೆ, ಏನನ್ನು ಕಳೆದುಕೊಳ್ಳುತ್ತದೆ ಎಂಬ ಪ್ರಶ್ನೆ ಕನ್ನಡ ವಿದ್ವತ್ತಿಗೆ ಹೊಸತಲ್ಲ. ಓಲೆಯಿಂದ ಕಾಗದಕ್ಕೆ, ಕಾಗದದಿಂದ ಅಚ್ಚಿಗೆ, ಅಚ್ಚಿನಿಂದ ಗಣಕಯಂತ್ರಕ್ಕೆ ಬಂದ ನಮ್ಮ ಗ್ರಂಥಗಳ ಚರಿತ್ರೆಯೇ ಈ ಪ್ರಶ್ನೆಯ ಚರಿತ್ರೆಯೂ ಆಗಿದೆ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದ ವಿದ್ಯಾರ್ಥಿಗಳಿಗೆ ಪ್ರತಿ, ಮಾತೃಕೆ, ಪಾಠಾಂತರ, ಸ್ಖಾಲಿತ್ಯ ಎಂಬ ಪರಿಕಲ್ಪನೆಗಳು ಚಿರಪರಿಚಿತ. ಇದೇ ಪರಿಕಲ್ಪನೆಗಳು ಇಂದು ಅಂತರಜಾಲದ ಚಿತ್ರಗಳ ವಿಷಯದಲ್ಲಿಯೂ ಅಷ್ಟೇ ಪ್ರಸ್ತುತವಾಗಿವೆ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶವಾಗಿದೆ.

ಇಲ್ಲಿ ಆಯ್ದುಕೊಂಡಿರುವುದು ಒಂದು ಸೀಮಿತ ವಿಷಯ. ಅಂತರಜಾಲದಲ್ಲಿ ಮೂರು ದಶಕಗಳಿಂದ ಬಳಕೆಯಲ್ಲಿರುವ ಚಲಿಸುವ ಚಿತ್ರಗಳನ್ನು ಹೊಸ ಚಿತ್ರರೂಪವಾದ ವೆಬ್‌ಪಿಗೆ ಪರಿವರ್ತಿಸುವ ಕ್ರಮವೇ ಅದು. ಇದು ತಂತ್ರಜ್ಞರ ಕೆಲಸವೆಂದು ಭಾಷಾಧ್ಯಾಪಕರು ಸುಮ್ಮನಿರುವಂತಿಲ್ಲ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ಬೆಳೆಯುವ ಕನ್ನಡದ ಮಕ್ಕಳಲ್ಲಿ ಅನೇಕರಿಗೆ ಶಾಲೆಯಲ್ಲಿ ಕನ್ನಡ ದೊರೆಯುವುದಿಲ್ಲ. ಅವರು ಅಕ್ಷರ ಕಲಿಯುವುದು ಮನೆಯಲ್ಲಿ, ಕನ್ನಡ ಸಂಘದ ರಜಾದಿನದ ತರಗತಿಯಲ್ಲಿ, ಇಲ್ಲವೇ ಕೈಯಲ್ಲಿರುವ ಫೋನಿನ ತೆರೆಯ ಮೇಲೆ. ಅಕ್ಷರವನ್ನು ಎಲ್ಲಿಂದ ಆರಂಭಿಸಿ ಯಾವ ಕಡೆಗೆ ತಿರುಗಿಸಬೇಕು ಎಂಬುದನ್ನು ತೋರಿಸುವ ಪುಟ್ಟ ಚಲಿಸುವ ಚಿತ್ರ ಅಂತಹ ಮಗುವಿಗೆ ಗುರುವಿನ ಕೈಯಿದ್ದಂತೆ. ಆ ಚಿತ್ರ ರೂಪಾಂತರದಲ್ಲಿ ಕೆಟ್ಟರೆ ಮಗು ಕಲಿಯುವ ಅಕ್ಷರವೂ ಕೆಡುತ್ತದೆ.

2. ಜಿಫ್ ಚಿತ್ರರೂಪದ ಹುಟ್ಟು

ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ ನೆಲೆಸಿದ್ದ ಕಂಪ್ಯುಸರ್ವ್ ಸಂಸ್ಥೆಯು 1987ರಲ್ಲಿ ಈ ಚಿತ್ರರೂಪವನ್ನು ಹೊರತಂದಿತು. ಸ್ಟೀವ್ ವಿಲ್‌ಹೈಟ್ ಅವರ ನೇತೃತ್ವದಲ್ಲಿ ಇದು ಸಿದ್ಧವಾಯಿತು. ದೂರವಾಣಿ ತಂತಿಯ ಮೂಲಕ ಅತಿ ನಿಧಾನವಾಗಿ ಮಾಹಿತಿ ಹರಿಯುತ್ತಿದ್ದ ಆ ಕಾಲದಲ್ಲಿ ಬಣ್ಣದ ಚಿತ್ರವನ್ನು ಕಡಿಮೆ ಗಾತ್ರದಲ್ಲಿ ಕಳುಹಿಸುವುದೇ ಇದರ ಮೂಲ ಉದ್ದೇಶವಾಗಿತ್ತು. 1989ರ ಪರಿಷ್ಕೃತ ರೂಪದಲ್ಲಿ ಪಾರದರ್ಶಕ ಹಿನ್ನೆಲೆ ಮತ್ತು ಚಿತ್ರಗಳ ನಡುವಣ ಕಾಲಾವಧಿ ಸೇರಿದುವು. ತೊಂಬತ್ತರ ದಶಕದ ನಡುವಿನಲ್ಲಿ ನೆಟ್‌ಸ್ಕೇಪ್ ಸಂಸ್ಥೆಯು ತನ್ನ ಜಾಲದರ್ಶಕದಲ್ಲಿ ಚಿತ್ರಮಾಲೆಯನ್ನು ಪುನರಾವರ್ತಿಸುವ ಸೌಲಭ್ಯವನ್ನು ಕಲ್ಪಿಸಿದ ಮೇಲೆ ಚಲಿಸುವ ಜಿಫ್ ಜಗತ್ತಿನಾದ್ಯಂತ ಹರಡಿತು.

ಈ ಹೆಸರಿನ ಉಚ್ಚಾರಣೆಯ ಬಗ್ಗೆ ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಇಂಗ್ಲಿಷ್ ಬಲ್ಲವರಲ್ಲಿ ಕೆಲವರು ಇದನ್ನು ‘ಗಿಫ್’ ಎಂದೂ ಕೆಲವರು ‘ಜಿಫ್’ ಎಂದೂ ಹೇಳುತ್ತಾರೆ. 2013ರಲ್ಲಿ ಪ್ರಶಸ್ತಿಯೊಂದನ್ನು ಸ್ವೀಕರಿಸಿದ ವಿಲ್‌ಹೈಟ್ ಅವರು ‘ಜಿಫ್’ ಎಂಬುದೇ ಸರಿಯೆಂದು ಸ್ಪಷ್ಟಪಡಿಸಿದರು. ಇಂಗ್ಲಿಷ್ ಬರಹ ಈ ಭೇದವನ್ನು ಮರೆಮಾಚುತ್ತದೆ. ಉಚ್ಚಾರಣೆಯನ್ನು ಅನುಸರಿಸುವ ಕನ್ನಡ ಲಿಪಿಗೆ ಆ ಅನುಕೂಲವಿಲ್ಲ. ಬರೆಯುವವನು ಗಕಾರ ಜಕಾರಗಳಲ್ಲಿ ಒಂದನ್ನು ಆಯ್ದುಕೊಳ್ಳಲೇಬೇಕು. ಇಲ್ಲಿ ನಿರ್ಮಾತೃವಿನ ಅಭಿಪ್ರಾಯವನ್ನೇ ಅನುಸರಿಸಲಾಗಿದೆ.

ಜಿಫ್‌ನ ಒಳರಚನೆ ಸರಳವಾದುದು. ಒಂದು ಚಿತ್ರದಲ್ಲಿ ಹೆಚ್ಚೆಂದರೆ 256 ಬಣ್ಣಗಳು ಇರಬಹುದು. ಆ ಬಣ್ಣಗಳ ಪಟ್ಟಿಯೊಂದನ್ನು ಮೊದಲು ಬರೆದು, ಅನಂತರ ಪ್ರತಿಯೊಂದು ಬಿಂದುವಿಗೂ ಪಟ್ಟಿಯಲ್ಲಿನ ಕ್ರಮಸಂಖ್ಯೆಯನ್ನು ಮಾತ್ರ ನಮೂದಿಸಲಾಗುತ್ತದೆ. ಹೀಗೆ ದೊರೆತ ಸಂಖ್ಯೆಗಳ ಸಾಲನ್ನು ಲೆಂಪೆಲ್, ಜಿವ್, ವೆಲ್ಚ್ ಎಂಬ ಮೂವರ ಹೆಸರಿನ ಆದ್ಯಕ್ಷರಗಳಿಂದ ಎಲ್‌ಜೆಡ್‌ಡಬ್ಲ್ಯು ಎಂದು ಪ್ರಸಿದ್ಧವಾದ ವಿಧಾನದಿಂದ ಸಂಕ್ಷೇಪಿಸಲಾಗುತ್ತದೆ. ಮತ್ತೆ ಮತ್ತೆ ಬರುವ ಅನುಕ್ರಮಗಳಿಗೆ ಒಂದೊಂದು ಚಿಕ್ಕ ಸಂಕೇತವನ್ನು ಕೊಡುತ್ತಾ ಹೋಗುವುದು ಇದರ ತತ್ತ್ವ. ಪಾಣಿನಿಯ ಪ್ರತ್ಯಾಹಾರಗಳನ್ನು ಬಲ್ಲವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ‘ಅಚ್’ ಎಂಬ ಒಂದೇ ಉಕ್ತಿ ಸ್ವರಗಳೆಲ್ಲವನ್ನೂ ಸೂಚಿಸುವಂತೆ ಇಲ್ಲಿ ಒಂದು ಸಂಕೇತ ಬಿಂದುಗಳ ಒಂದು ಸಾಲನ್ನು ಸೂಚಿಸುತ್ತದೆ. ವ್ಯತ್ಯಾಸವೆಂದರೆ, ಇಲ್ಲಿ ಸಂಕೇತಗಳ ಕೋಶವನ್ನು ಚಿತ್ರದ ಜೊತೆಗೆ ಕಳುಹಿಸುವ ಅಗತ್ಯವಿಲ್ಲ. ಓದುವ ಯಂತ್ರವು ಓದುತ್ತಾ ಓದುತ್ತಾ ಅದೇ ಕೋಶವನ್ನು ತಾನೇ ರಚಿಸಿಕೊಳ್ಳುತ್ತದೆ.

ಈ ಸಂಕ್ಷೇಪಣ ವಿಧಾನದ ಮೇಲೆ ಯುನಿಸಿಸ್ ಸಂಸ್ಥೆಗೆ ಪೇಟೆಂಟ್ ಇದ್ದಿತು. 1994ರ ಕೊನೆಯಲ್ಲಿ ಅದಕ್ಕೆ ಶುಲ್ಕ ಕೊಡಬೇಕೆಂಬ ಮಾತು ಹೊರಬಿದ್ದಾಗ ದೊಡ್ಡ ವಿವಾದವೆದ್ದಿತು. ಅದರ ಫಲವಾಗಿ ಪಿಎನ್‌ಜಿ ಎಂಬ ಮುಕ್ತ ಚಿತ್ರರೂಪ ಹುಟ್ಟಿ 1996ರಲ್ಲಿ ಮಾನ್ಯತೆ ಪಡೆಯಿತು. ಅಮೆರಿಕದಲ್ಲಿ ಆ ಪೇಟೆಂಟಿನ ಅವಧಿ 2003ರಲ್ಲಿ ಮುಗಿಯಿತು. ಆದರೆ ಆರಂಭದ ಪಿಎನ್‌ಜಿಯಲ್ಲಿ ಚಲನೆಗೆ ಅವಕಾಶವಿರಲಿಲ್ಲ. ಆದಕಾರಣ ಚಲಿಸುವ ಚಿತ್ರವೆಂದರೆ ಜಿಫ್ ಎಂಬ ಸ್ಥಿತಿ ಬಹುಕಾಲ ಮುಂದುವರಿಯಿತು.

3. ಹಳೆಯ ರೂಪದ ಮಿತಿಗಳು

ಜಿಫ್‌ನ ಮಿತಿಗಳನ್ನು ಒಂದು ಲೆಕ್ಕದಿಂದ ತಿಳಿಯಬಹುದು. 400 ಬಿಂದುಗಳ ಅಗಲ, 300 ಬಿಂದುಗಳ ಎತ್ತರವಿರುವ ಒಂದು ಚೌಕಟ್ಟಿನಲ್ಲಿ 1,20,000 ಬಿಂದುಗಳಿರುತ್ತವೆ. ಅಂತಹ 30 ಚೌಕಟ್ಟುಗಳ ಚಿತ್ರಮಾಲೆಯಲ್ಲಿ 36 ಲಕ್ಷ ಬಿಂದುಗಳು. ಬಿಂದುವಿಗೆ ಒಂದು ಬೈಟ್‌ನಂತೆ ಸಂಕ್ಷೇಪಣಕ್ಕೆ ಮೊದಲು ಅದರ ಗಾತ್ರ 36 ಲಕ್ಷ ಬೈಟ್‌ಗಳಾಗುತ್ತದೆ. ಒಂದೇ ಬಣ್ಣದ ವಿಸ್ತಾರವಾದ ಹಿನ್ನೆಲೆಯುಳ್ಳ ರೇಖಾಚಿತ್ರವಾದರೆ ಇದು ಬಹುಮಟ್ಟಿಗೆ ಕುಗ್ಗುತ್ತದೆ. ಯಕ್ಷಗಾನದ ವೇಷದಂತಹ ನೂರಾರು ಛಾಯೆಗಳ ಛಾಯಾಚಿತ್ರವಾದರೆ ಅಷ್ಟಾಗಿ ಕುಗ್ಗುವುದಿಲ್ಲ.

ಬಣ್ಣಗಳ ಮಿತಿ ಎರಡನೆಯ ಕೊರತೆ. ಇಂದಿನ ತೆರೆಗಳು ಒಂದು ಕೋಟಿ 67 ಲಕ್ಷಕ್ಕೂ ಮಿಗಿಲಾದ ಬಣ್ಣಗಳನ್ನು ತೋರಿಸಬಲ್ಲುವು. ಅವುಗಳಲ್ಲಿ 256ನ್ನು ಮಾತ್ರ ಉಳಿಸಿಕೊಂಡು, ಮಿಕ್ಕ ಛಾಯೆಗಳ ಭ್ರಮೆಯನ್ನು ಹುಟ್ಟಿಸಲು ಜಿಫ್ ತಯಾರಕರು ಬಣ್ಣದ ಚುಕ್ಕೆಗಳನ್ನು ಎರಚಿದಂತೆ ಬೆರೆಸುತ್ತಾರೆ. ಪಾರದರ್ಶಕತೆಯಲ್ಲಿಯೂ ಮಧ್ಯಮಾರ್ಗವಿಲ್ಲ, ಒಂದು ಬಿಂದು ಪೂರ್ಣ ಕಾಣಬೇಕು, ಇಲ್ಲವೇ ಪೂರ್ಣ ಮರೆಯಾಗಬೇಕು. ಇದರಿಂದಾಗಿ ಕನ್ನಡ ಅಕ್ಷರಗಳ ದುಂಡಾದ ಅಂಚುಗಳು ಮೆಟ್ಟಿಲು ಮೆಟ್ಟಿಲಾಗಿ ಒಡೆದು ಕಾಣುತ್ತವೆ. ನೇರ ಗೆರೆಗಳು ಹೆಚ್ಚಾಗಿರುವ ರೋಮನ್ ದೊಡ್ಡಕ್ಷರಗಳಿಗಿಂತ ವರ್ತುಲ ಪ್ರಧಾನವಾದ ಕನ್ನಡ ಲಿಪಿಗೆ ಈ ದೋಷ ಹೆಚ್ಚಾಗಿ ತಟ್ಟುತ್ತದೆ.

4. ವೆಬ್‌ಪಿಯ ಸ್ವರೂಪ

ಗೂಗಲ್ ಸಂಸ್ಥೆಯು 2010ರ ಸೆಪ್ಟೆಂಬರಿನಲ್ಲಿ ವೆಬ್‌ಪಿಯನ್ನು ಪ್ರಕಟಿಸಿತು. ಆ ವರ್ಷವೇ ಅದು ಆನ್‌2 ಟೆಕ್ನಾಲಜೀಸ್ ಎಂಬ ಸಂಸ್ಥೆಯನ್ನು ಕೊಂಡುಕೊಂಡಿದ್ದಿತು. ಆನ್‌2 ರೂಪಿಸಿದ್ದ ವಿಪಿ8 ಎಂಬ ವಿಡಿಯೋ ಸಂಕ್ಷೇಪಣ ವಿಧಾನವೇ ವೆಬ್‌ಪಿಗೆ ತಳಹದಿ. ಮೊದಲು ಸ್ಥಿರಚಿತ್ರಗಳಿಗೆ ಮಾತ್ರ ಸೀಮಿತವಾಗಿದ್ದ ಇದಕ್ಕೆ ಮುಂದಿನ ವರ್ಷಗಳಲ್ಲಿ ನಷ್ಟರಹಿತ ಸಂಕ್ಷೇಪಣ, ಪಾರದರ್ಶಕತೆ, ಚಲನೆ ಎಂಬ ಮೂರು ಗುಣಗಳು ಸೇರಿದುವು. ಕ್ರೋಮ್ ಜಾಲದರ್ಶಕ 2014ರಲ್ಲಿಯೂ ಫೈರ್‌ಫಾಕ್ಸ್ 2019ರಲ್ಲಿಯೂ ಆಪಲ್ ಸಂಸ್ಥೆಯ ಸಫಾರಿ 2020ರಲ್ಲಿಯೂ ಚಲಿಸುವ ವೆಬ್‌ಪಿಯನ್ನು ಅಂಗೀಕರಿಸಿದುವು. 2024ರಲ್ಲಿ ಇದರ ವಿವರಣೆ ಅಂತರಜಾಲದ ತಾಂತ್ರಿಕ ದಾಖಲೆಗಳ ಸಾಲಿನಲ್ಲಿ 9649ನೆಯ ಸಂಖ್ಯೆಯ ಪತ್ರವಾಗಿ ಪ್ರಕಟವಾಯಿತು.

ವೆಬ್‌ಪಿಯಲ್ಲಿ ಎರಡು ಮಾರ್ಗಗಳಿವೆ. ಈ ಭೇದವೇ ಇಡೀ ವಿಷಯದ ತಿರುಳು. ಮೊದಲನೆಯದು ನಷ್ಟಸಹಿತ ಮಾರ್ಗ. ಇಲ್ಲಿ ಚಿತ್ರವನ್ನು 16 ಬಿಂದುಗಳ ಚೌಕಗಳಾಗಿ ವಿಭಾಗಿಸಿ, ಪ್ರತಿಯೊಂದು ಚೌಕವೂ ಹೇಗಿರಬಹುದೆಂದು ಅದರ ಮೇಲಣ ಮತ್ತು ಎಡಗಡೆಯ ನೆರೆಬಿಂದುಗಳಿಂದ ಊಹಿಸಲಾಗುತ್ತದೆ. ಶಾಸನದಲ್ಲಿ ತ್ರುಟಿತವಾದ ಅಕ್ಷರವನ್ನು ಹಿಂದಿನ ಪದಗಳ ಆಧಾರದಿಂದ ಸಂಪಾದಕನು ಊಹಿಸುವ ಕ್ರಮವನ್ನು ಇದು ಹೋಲುತ್ತದೆ. ಊಹೆಗೂ ವಾಸ್ತವಕ್ಕೂ ಇರುವ ಅಂತರವನ್ನು ಮಾತ್ರ ಬರೆದಿಡಲಾಗುತ್ತದೆ. ಆ ಅಂತರದಲ್ಲಿಯೂ ಕಣ್ಣಿಗೆ ಅಷ್ಟಾಗಿ ಕಾಣದ ಅಂಶಗಳನ್ನು ಕೈಬಿಡಲಾಗುತ್ತದೆ. ಇದಲ್ಲದೆ ಬೆಳಕಿನ ವಿವರವನ್ನು ಪ್ರತಿ ಬಿಂದುವಿಗೂ ಉಳಿಸಿ, ಬಣ್ಣದ ವಿವರವನ್ನು ನಾಲ್ಕು ಬಿಂದುಗಳಿಗೆ ಒಂದರಂತೆ ಮಾತ್ರ ಇರಿಸಲಾಗುತ್ತದೆ. ಮನುಷ್ಯನ ಕಣ್ಣು ಬಣ್ಣಕ್ಕಿಂತ ಬೆಳಕಿನ ಭೇದವನ್ನು ಸೂಕ್ಷ್ಮವಾಗಿ ಗ್ರಹಿಸುವುದೇ ಇದಕ್ಕೆ ಕಾರಣ.

ಎರಡನೆಯದು ನಷ್ಟರಹಿತ ಮಾರ್ಗ. ಇಲ್ಲಿಯೂ ಊಹೆಯಿದೆ, ನೆರೆಬಿಂದುಗಳಿಂದ ಊಹಿಸಲು 14 ಕ್ರಮಗಳಿವೆ. ಆದರೆ ಊಹೆಗೂ ವಾಸ್ತವಕ್ಕೂ ಇರುವ ಅಂತರವನ್ನು ಪೂರ್ತಿಯಾಗಿ ದಾಖಲಿಸುವುದರಿಂದ ಬಿಚ್ಚಿದಾಗ ಒಂದು ಬಿಂದುವೂ ಬದಲಾಗುವುದಿಲ್ಲ. ಬಣ್ಣಗಳು 256ಕ್ಕಿಂತ ಕಡಿಮೆಯಿದ್ದರೆ ಜಿಫ್‌ನಂತೆಯೇ ಬಣ್ಣದ ಪಟ್ಟಿಯನ್ನೂ ಇದು ಬಳಸಿಕೊಳ್ಳಬಲ್ಲುದು. ಪಾರದರ್ಶಕತೆಗೆ ಎರಡು ಮಾರ್ಗಗಳಲ್ಲಿಯೂ 256 ಹಂತಗಳಿರುವುದರಿಂದ ಅಕ್ಷರದ ಅಂಚು ಹಿನ್ನೆಲೆಯೊಡನೆ ಮೃದುವಾಗಿ ಬೆರೆಯುತ್ತದೆ.

ಗೂಗಲ್ ಸಂಸ್ಥೆಯು ತನ್ನ ಹೋಲಿಕೆಯಲ್ಲಿ ಕೊಟ್ಟಿರುವ ಅಂಕಿಗಳಂತೆ, ಚಲಿಸುವ ಜಿಫ್‌ಗಳನ್ನು ನಷ್ಟಸಹಿತ ವೆಬ್‌ಪಿಗೆ ಪರಿವರ್ತಿಸಿದಾಗ ಗಾತ್ರ ಶೇಕಡಾ 64ರಷ್ಟೂ ನಷ್ಟರಹಿತ ವೆಬ್‌ಪಿಗೆ ಪರಿವರ್ತಿಸಿದಾಗ ಶೇಕಡಾ 19ರಷ್ಟೂ ಕಡಿಮೆಯಾಗುತ್ತದೆ. ಅಂದರೆ 10 ಲಕ್ಷ ಬೈಟ್‌ಗಳ ಜಿಫ್ ಮೊದಲ ಮಾರ್ಗದಲ್ಲಿ 3.6 ಲಕ್ಷಕ್ಕೂ ಎರಡನೆಯ ಮಾರ್ಗದಲ್ಲಿ 8.1 ಲಕ್ಷಕ್ಕೂ ಇಳಿಯಬಹುದು. ಇವು ಒಟ್ಟಾರೆ ಹೋಲಿಕೆಯ ಅಂಕಿಗಳೇ ಹೊರತು ಪ್ರತಿಯೊಂದು ಚಿತ್ರಕ್ಕೂ ಅನ್ವಯಿಸುವ ನಿಯಮವಲ್ಲ ಎಂಬುದನ್ನು ಮರೆಯಬಾರದು.

5. ಚಲನೆಯ ರೂಪಾಂತರ

ಚಲಿಸುವ ಚಿತ್ರವೆಂದರೆ ಚೌಕಟ್ಟುಗಳ ಸಾಲು ಮಾತ್ರವಲ್ಲ. ಒಂದೊಂದು ಚೌಕಟ್ಟೂ ಎಷ್ಟು ಹೊತ್ತು ನಿಲ್ಲಬೇಕು, ಮುಂದಿನದು ಬರುವಾಗ ಹಿಂದಿನದು ಏನಾಗಬೇಕು, ಒಟ್ಟು ಮಾಲೆ ಎಷ್ಟು ಸಲ ಆವರ್ತಿಸಬೇಕು ಎಂಬ ಮೂರು ಸೂಚನೆಗಳು ಅದರಲ್ಲಿ ಅಡಕವಾಗಿರುತ್ತವೆ. ಪರಿವರ್ತನೆಯಲ್ಲಿ ಇವು ಮೂರನ್ನೂ ಬೇರೆ ಬೇರೆಯಾಗಿ ಪರಿಶೀಲಿಸಬೇಕು.

ಕಾಲಾವಧಿಯನ್ನು ಜಿಫ್ ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ಅಳೆಯುತ್ತದೆ. ವೆಬ್‌ಪಿ ಸಾವಿರದ ಒಂದು ಭಾಗದಲ್ಲಿ ಅಳೆಯುತ್ತದೆ. ಅಳತೆ ಸೂಕ್ಷ್ಮವಾಗುವುದರಿಂದ ಇಲ್ಲಿ ನಷ್ಟವಿಲ್ಲ. ಆದರೆ ಹಳೆಯ ಜಿಫ್‌ಗಳಲ್ಲಿ ಕಾಲಾವಧಿಯನ್ನು ಸೊನ್ನೆ ಅಥವಾ ಒಂದು ಎಂದು ಬರೆದಿರುವುದುಂಟು. ಅಂತಹವನ್ನು ಜಾಲದರ್ಶಕಗಳು ಸೆಕೆಂಡಿನ ಹತ್ತನೆಯ ಒಂದು ಭಾಗವೆಂದು ತಿಳಿದು ನಿಧಾನವಾಗಿ ತೋರಿಸುವ ರೂಢಿಯಿದೆ. ಇದನ್ನು ಅರಿಯದ ಪರಿವರ್ತಕವನ್ನು ಬಳಸಿದರೆ ಚಿತ್ರ ಮಿಂಚಿನಂತೆ ಓಡಿಬಿಡುತ್ತದೆ.

ಹಿಂದಿನ ಚೌಕಟ್ಟಿನ ವಿಷಯದಲ್ಲಿ ಜಿಫ್ ಮೂರು ಬಗೆಗಳನ್ನು ತಿಳಿದಿದೆ. ಅದನ್ನು ಹಾಗೆಯೇ ಬಿಡಬಹುದು, ಅಳಿಸಿ ಹಿನ್ನೆಲೆಯನ್ನು ತೋರಿಸಬಹುದು, ಇಲ್ಲವೇ ಅದಕ್ಕಿಂತ ಮುಂಚೆ ಇದ್ದ ಸ್ಥಿತಿಗೆ ಮರಳಬಹುದು. ವೆಬ್‌ಪಿಯಲ್ಲಿ ಮೊದಲ ಎರಡು ಮಾತ್ರ ಇವೆ. ಮೂರನೆಯ ಬಗೆಯನ್ನು ಬಳಸಿದ ಜಿಫ್‌ಗಳಲ್ಲಿ ಪರಿವರ್ತಕವು ಪ್ರತಿಯೊಂದು ಹಂತದ ಪೂರ್ಣಚಿತ್ರವನ್ನು ಮೊದಲು ಕಟ್ಟಿಕೊಂಡು, ಅದರಿಂದ ಹೊಸ ಚೌಕಟ್ಟುಗಳನ್ನು ತೆಗೆಯಬೇಕಾಗುತ್ತದೆ. ಭಾಷಾಂತರದಲ್ಲಿ ಮೂಲದ ಒಂದು ಪ್ರತ್ಯಯಕ್ಕೆ ಸಂವಾದಿಯಾದುದು ಇಲ್ಲದಿದ್ದಾಗ ವಾಕ್ಯವನ್ನೇ ಹೊಸದಾಗಿ ಕಟ್ಟುವಂತೆ ಇದು.

ಆವರ್ತನದ ಸಂಖ್ಯೆಯೂ ಎಚ್ಚರಿಕೆಯನ್ನು ಬೇಡುತ್ತದೆ. ಜಿಫ್‌ನಲ್ಲಿ ಆವರ್ತನದ ಸೂಚನೆಯೇ ಇಲ್ಲದಿದ್ದರೆ ಚಿತ್ರ ಒಂದು ಸಲ ಮಾತ್ರ ಓಡಿ ನಿಲ್ಲುತ್ತದೆ. ವೆಬ್‌ಪಿಯಲ್ಲಿ ಸೊನ್ನೆ ಎಂದು ಬರೆದರೆ ಅದು ಕೊನೆಯಿಲ್ಲದೆ ಆವರ್ತಿಸುತ್ತದೆ. ಅಕ್ಷರವನ್ನು ಒಮ್ಮೆ ಬರೆದು ತೋರಿಸಿ ನಿಲ್ಲಬೇಕಾದ ಚಿತ್ರ ನಿಲ್ಲದೆ ಸುತ್ತಿದರೆ ಮಗುವಿಗೆ ಅಕ್ಷರದ ಆದಿ ಯಾವುದು, ಅಂತ್ಯ ಯಾವುದು ಎಂಬುದೇ ತಿಳಿಯದಂತಾಗುತ್ತದೆ.

ವೆಬ್‌ಪಿಗೂ ಒಂದು ಮಿತಿಯಿದೆ. ವಿಡಿಯೋ ವಿಧಾನದಿಂದ ಹುಟ್ಟಿದರೂ ಇದರಲ್ಲಿ ಒಂದು ಚೌಕಟ್ಟಿನ ಚಲನೆಯಿಂದ ಮುಂದಿನ ಚೌಕಟ್ಟನ್ನು ಊಹಿಸುವ ವ್ಯವಸ್ಥೆಯಿಲ್ಲ. ಬದಲಾದ ಆಯತಭಾಗವನ್ನು ಮಾತ್ರ ಬರೆಯುವ ಮಿತವ್ಯಯವಷ್ಟೇ ಉಂಟು. ಆದುದರಿಂದ ದೀರ್ಘವಾದ ನೃತ್ಯದ ಅಥವಾ ನಾಟಕದ ತುಣುಕಿಗೆ ವಿಡಿಯೋ ರೂಪವೇ ತಕ್ಕುದು.

6. ಕನ್ನಡ ಅಕ್ಷರಗಳ ವಿಶೇಷ ಸಮಸ್ಯೆ

ಕನ್ನಡದಲ್ಲಿ ಬಕಾರ ಭಕಾರಗಳಿಗೆ, ದಕಾರ ಧಕಾರಗಳಿಗೆ, ಡಕಾರ ಢಕಾರಗಳಿಗೆ ಇರುವ ಅಂತರ ಕೆಳಗಿನ ಒಂದು ಸಣ್ಣ ಸೀಳು ಮಾತ್ರ. ಪಕಾರ ಷಕಾರಗಳ ಅಂತರ ಒಡಲಿನೊಳಗಿನ ಒಂದು ಗೆರೆ. ಒತ್ತಕ್ಷರಗಳು ಮುಖ್ಯಾಕ್ಷರಕ್ಕಿಂತ ಚಿಕ್ಕವಾಗಿ ಕೆಳಗೆ ಅಡಗಿರುತ್ತವೆ. ನಷ್ಟಸಹಿತ ಮಾರ್ಗದಲ್ಲಿ ಮೊದಲು ಮಸುಕಾಗುವುದು ಇಂತಹ ಸೂಕ್ಷ್ಮ ಗೆರೆಗಳೇ. ಬಿಳಿಯ ಮೇಲೆ ಕಪ್ಪಾಗಿ ಬರೆದ ಅಕ್ಷರದಲ್ಲಿ ಬೆಳಕಿನ ಭೇದ ಹೆಚ್ಚಾಗಿರುವುದರಿಂದ ಹಾನಿ ಕಡಿಮೆ. ಬರೆಯುವ ದಿಕ್ಕನ್ನು ತೋರಿಸಲು ಕೆಂಪು, ನೀಲಿ ಗೆರೆಗಳನ್ನು ಬಳಸಿದ್ದರೆ ಬಣ್ಣದ ವಿವರ ನಾಲ್ಕರಲ್ಲಿ ಒಂದಾಗುವ ಕಾರಣ ತೆಳುವಾದ ಗೆರೆ ಹಿನ್ನೆಲೆಯೊಳಗೆ ಹರಡಿಕೊಳ್ಳುತ್ತದೆ. ಕನ್ನಡ ಬಲ್ಲವನು ಮಸುಕಾದ ‘ಧನ’ವನ್ನು ಸಂದರ್ಭದಿಂದ ಓದಿಕೊಂಡಾನು; ಕಲಿಯುವ ಮಗು ಅದನ್ನು ‘ದನ’ವೆಂದೇ ಕಲಿಯುತ್ತದೆ. ಲಿಪಿಕಾರರ ಕೈಯಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳು ಪಲ್ಲಟಗೊಂಡು ಪಾಠಾಂತರಗಳು ಹುಟ್ಟಿದುದನ್ನು ಬಲ್ಲ ವಿದ್ವಾಂಸರಿಗೆ ಈ ಅಪಾಯವನ್ನು ವಿವರಿಸಬೇಕಾಗಿಲ್ಲ.

ಆದುದರಿಂದ ಅಕ್ಷರಗಳು, ರೇಖಾಚಿತ್ರಗಳು, ನಕ್ಷೆಗಳು ಇರುವ ಚಿತ್ರಮಾಲೆಗೆ ನಷ್ಟರಹಿತ ಮಾರ್ಗವನ್ನೂ ಛಾಯಾಚಿತ್ರಗಳಿಂದ ಮಾಡಿದ ಮಾಲೆಗೆ ನಷ್ಟಸಹಿತ ಮಾರ್ಗವನ್ನೂ ಅನುಸರಿಸುವುದು ಉಚಿತ. ಅಕ್ಷರಚಿತ್ರಗಳಲ್ಲಿ ಬಣ್ಣಗಳು ಕಡಿಮೆಯಾದುದರಿಂದ ನಷ್ಟರಹಿತ ಮಾರ್ಗದಲ್ಲಿಯೂ ಗಾತ್ರ ಮಿತವಾಗಿಯೇ ಇರುತ್ತದೆ.

7. ಪರಿವರ್ತನೆಯ ಕ್ರಮ

ಗೂಗಲ್ ಸಂಸ್ಥೆಯು ಉಚಿತವಾಗಿ ಒದಗಿಸಿರುವ ‘ಜಿಫ್‌ಟುವೆಬ್‌ಪಿ’ ಎಂಬ ಉಪಕರಣ ಈ ಕೆಲಸಕ್ಕೆ ಸಾಕು. ಬೇರೆ ಆಜ್ಞೆ ಕೊಡದಿದ್ದರೆ ಅದು ನಷ್ಟರಹಿತ ಮಾರ್ಗವನ್ನೇ ಅನುಸರಿಸುತ್ತದೆ. ‘ಲಾಸಿ’ ಎಂದು ಸೂಚಿಸಿದರೆ ನಷ್ಟಸಹಿತ ಮಾರ್ಗವನ್ನು ಹಿಡಿಯುತ್ತದೆ. ಆಗ ಗುಣಮಟ್ಟವನ್ನು ಸೊನ್ನೆಯಿಂದ 100ರವರೆಗಿನ ಸಂಖ್ಯೆಯಿಂದ ನಿರ್ದೇಶಿಸಬಹುದು. ‘ಮಿಕ್ಸೆಡ್’ ಎಂದರೆ ಒಂದೊಂದು ಚೌಕಟ್ಟಿಗೂ ಯಾವ ಮಾರ್ಗ ಲಾಭಕರವೆಂಬುದನ್ನು ತಾನೇ ನಿರ್ಧರಿಸುತ್ತದೆ. ಈ ಕೊನೆಯ ಆಯ್ಕೆಯನ್ನು ಅಕ್ಷರಚಿತ್ರಗಳಿಗೆ ಬಳಸದಿರುವುದು ಲೇಸು. ಏಕೆಂದರೆ ಅದು ನೋಡುವುದು ಗಾತ್ರವನ್ನೇ ಹೊರತು ಅಕ್ಷರವನ್ನಲ್ಲ.

ಪರಿವರ್ತನೆಗೆ ಮೊದಲು ಕೇಳಬೇಕಾದ ಪ್ರಶ್ನೆ, ಕೈಯಲ್ಲಿರುವ ಜಿಫ್ ನಿಜವಾಗಿಯೂ ಮೂಲವೇ ಎಂಬುದು. ಜಿಫ್ ಆದಾಗಲೇ ಕಳೆದುಹೋದ ಬಣ್ಣಗಳನ್ನು ವೆಬ್‌ಪಿ ಹಿಂದಕ್ಕೆ ತರಲಾರದು. ಅಶುದ್ಧ ಪ್ರತಿಯನ್ನು ಒಳ್ಳೆಯ ಕಾಗದದ ಮೇಲೆ ನಕಲು ಮಾಡಿದರೆ ಪಾಠ ಶುದ್ಧವಾಗುವುದಿಲ್ಲ. ಜಿಫ್ ಅನ್ನು ತಯಾರಿಸಿದ ಮೂಲ ಚಿತ್ರಗಳು ಉಳಿದಿದ್ದರೆ ಅವುಗಳಿಂದಲೇ ಹೊಸ ಚಿತ್ರಮಾಲೆಯನ್ನು ಕಟ್ಟಬೇಕು. ಅದಕ್ಕೆ ‘ಇಮೇಜ್‌ಟುವೆಬ್‌ಪಿ’ ಎಂದು ಕರೆಯಬಹುದಾದ ಸೋದರ ಉಪಕರಣವಿದೆ.

ಯುನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡ ಬರಹವನ್ನೇ ಚಿತ್ರವಾಗಿ ಮಾಡಿ ಜಾಲಪುಟಗಳಲ್ಲಿ ಇರಿಸುವ ರೂಢಿಯಿದ್ದಿತು. ಶೀರ್ಷಿಕೆಗಳು, ಶುಭಾಶಯಗಳು, ಕೆಲವೊಮ್ಮೆ ಇಡೀ ಪುಟಗಳೇ ಜಿಫ್ ಚಿತ್ರಗಳಾಗಿದ್ದುವು. ಇಂತಹವನ್ನು ವೆಬ್‌ಪಿಗೆ ಪರಿವರ್ತಿಸುವುದಷ್ಟೇ ಸಾಲದು. ಚಿತ್ರದೊಳಗಿನ ಬರಹವನ್ನು ಹುಡುಕಲಾಗದು, ಕುರುಡರಿಗಾಗಿ ಇರುವ ತಂತ್ರಾಂಶ ಅದನ್ನು ಓದಿ ಹೇಳಲಾರದು. ಬರಹವನ್ನು ಯುನಿಕೋಡ್ ಅಕ್ಷರಗಳಲ್ಲಿ ಮತ್ತೆ ಟೈಪು ಮಾಡಿ, ಚಿತ್ರವನ್ನು ದಾಖಲೆಯಾಗಿ ಕಾಯ್ದಿಡುವುದೇ ಸರಿಯಾದ ಕ್ರಮ.

ಪರಿವರ್ತನೆ ಮುಗಿದ ಮೇಲೆ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕದಲ್ಲಿ ಇರಿಸಿ ವೇಗ, ಆವರ್ತನ, ಅಂಚು, ಒತ್ತು, ಸೀಳುಗಳನ್ನು ಹೋಲಿಸಿ ನೋಡಬೇಕು. ಗಾತ್ರ ಕಡಿಮೆಯಾಗದಿದ್ದರೆ ಜಿಫ್ ಅನ್ನೇ ಉಳಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಹಳೆಯ ಯಂತ್ರಗಳನ್ನು ಬಳಸುವವರಿಗಾಗಿ ಒಂದೇ ಪುಟದಲ್ಲಿ ಎರಡು ರೂಪಗಳನ್ನೂ ಸೂಚಿಸಿ, ಜಾಲದರ್ಶಕವು ತನಗೆ ತಿಳಿದುದನ್ನು ಆಯ್ದುಕೊಳ್ಳುವಂತೆ ಮಾಡಲು ಸಾಧ್ಯವಿದೆ. 2023ರ ಸೆಪ್ಟೆಂಬರಿನಲ್ಲಿ ವೆಬ್‌ಪಿಯನ್ನು ಓದುವ ತಂತ್ರಾಂಶದಲ್ಲಿ ಗಂಭೀರವಾದ ಭದ್ರತಾದೋಷವೊಂದು ಪತ್ತೆಯಾಗಿ ಜಾಲದರ್ಶಕಗಳೆಲ್ಲ ತುರ್ತಾಗಿ ತಿದ್ದುಪಡಿ ಹೊರಡಿಸಬೇಕಾಯಿತು. ಆದ್ದರಿಂದ ಪರಿವರ್ತನೆಗೆ ಬಳಸುವ ಉಪಕರಣ ಇತ್ತೀಚಿನ ಆವೃತ್ತಿಯದಾಗಿರುವುದು ಅವಶ್ಯ.

8. ಸಮಾರೋಪ

ಒಟ್ಟಿನಲ್ಲಿ, ಜಿಫ್‌ನಿಂದ ವೆಬ್‌ಪಿಗೆ ಸಾಗುವುದು ಕಡಿಮೆ ಗಾತ್ರದಲ್ಲಿ ಹೆಚ್ಚಿನ ಬಣ್ಣ, ಮೃದುವಾದ ಅಂಚು, ಬೇಗ ತೆರೆದುಕೊಳ್ಳುವ ಪುಟ ಎಂಬ ಲಾಭಗಳನ್ನು ತರುತ್ತದೆ. ದುಬಾರಿಯಲ್ಲದ ಫೋನಿನಲ್ಲಿ ಮಂದವಾದ ಸಂಪರ್ಕದ ಮೂಲಕ ಕನ್ನಡ ಕಲಿಯುವವರಿಗೆ ಇದು ಸಣ್ಣ ಲಾಭವಲ್ಲ. ಆದರೆ ವೆಬ್‌ಪಿಯೇ ಕೊನೆಯ ರೂಪವೆಂದು ಭಾವಿಸಲಾಗದು. ಪಿಎನ್‌ಜಿಯ ಚಲಿಸುವ ರೂಪ 2025ರಲ್ಲಿ ಅಧಿಕೃತ ಮಾನಕದೊಳಗೆ ಸೇರಿತು. ಎವಿಐಎಫ್‌ನಂತಹ ಇನ್ನೂ ಹೊಸ ರೂಪಗಳೂ ಬಂದಿವೆ. ಪ್ರತಿಯೊಂದು ತಲೆಮಾರಿನಲ್ಲಿಯೂ ನಷ್ಟಸಹಿತ ಮಾರ್ಗದಿಂದ ನಕಲಿನ ನಕಲನ್ನು ಮಾಡುತ್ತಾ ಹೋದರೆ, ಮಾತೃಕೆಯಿಂದ ದೂರ ಸರಿದ ಹಸ್ತಪ್ರತಿಯಂತೆ ಚಿತ್ರವೂ ಕ್ರಮೇಣ ಕ್ಷೀಣಿಸುತ್ತದೆ.

ಓಲೆಗರಿಯ ಕಾಲದಲ್ಲಿ ಮೂಲ ನಶಿಸಿದುದು ಗೆದ್ದಲಿನಿಂದ, ನೀರಿನಿಂದ, ಅಲಕ್ಷ್ಯದಿಂದ. ಇಂದು ಅದು ನಶಿಸಬಹುದಾದುದು, ಹೊಸ ಪ್ರತಿ ಸಿದ್ಧವಾಯಿತೆಂಬ ಸಮಾಧಾನದಲ್ಲಿ ಹಳೆಯದನ್ನು ಅಳಿಸುವ ಒಂದು ಕ್ಷಣದ ನಿರ್ಧಾರದಿಂದ. ಹೊರನಾಡಿನ ಕನ್ನಡ ಸಂಸ್ಥೆಗಳು ತಮ್ಮ ಪಾಠಗಳನ್ನೂ ಚಿತ್ರಗಳನ್ನೂ ಹೊಸ ರೂಪಕ್ಕೆ ತರುವಾಗ ಹಂಚುವುದಕ್ಕೆ ವೆಬ್‌ಪಿಯನ್ನು ಬಳಸಲಿ. ಕಾಯ್ದಿಡುವುದಕ್ಕೆ ಮೂಲವನ್ನೇ ಇರಿಸಿಕೊಳ್ಳಲಿ. ಯಾವ ಮೂಲದಿಂದ, ಯಾವ ದಿನ, ಯಾವ ಮಾರ್ಗದಿಂದ ಪರಿವರ್ತಿಸಲಾಯಿತು ಎಂಬ ಒಂದು ಸಾಲಿನ ಟಿಪ್ಪಣಿಯನ್ನು ಜೊತೆಗಿರಿಸಿದರೆ, ಹಿಂದಿನ ಲಿಪಿಕಾರರು ಪ್ರತಿಯ ಕೊನೆಯಲ್ಲಿ ಬರೆದಿಡುತ್ತಿದ್ದ ಪುಷ್ಪಿಕೆಯ ಪ್ರಯೋಜನ ಮುಂದಿನವರಿಗೂ ದೊರೆತಂತಾಗುತ್ತದೆ.